ನೆರೆಮನೆಯ ಬೋಸಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾವಿಬ್ಬರೂ ಇದೇ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಒಬ್ಬರು ಮೂರು ವರ್ಷ ಮುಂದಿನ ತರಗತಿಯಲ್ಲಿದ್ದೆವು, ಇನ್ನೊಬ್ಬರು ಹಿಂದೆ. ಅನಂತರ ಗಂಡಹೆಂಡಿರಾಗಿ ಘಟ್ಟ ಇಳಿದು ಹೋದೆವು. ಈ ಮಾತುಗಳನ್ನು ಇಬ್ಬರೂ ಕೂಡಿಯೇ ಬರೆದಿದ್ದೇವೆ. ಓದುತ್ತಿರುವುದು ಮಾತ್ರ ಒಬ್ಬರು.

ಪರನಾಡಿನಲ್ಲಿ ಕನ್ನಡಿಗರ ಬದುಕನ್ನು ಕುರಿತು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಕೊಡಿಸಿದ್ದಾರೆ. ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಕನ್ನಡಿಗರು ಕಟ್ಟಿದ ಉದ್ಯಮಗಳನ್ನೂ ಪಡೆದ ಕೀರ್ತಿಯನ್ನೂ ಹೇಳಿಯೇವೆಂದು ಅವರು ನಿರೀಕ್ಷಿಸಿದ್ದರೆ ನಮ್ಮನ್ನು ಕ್ಷಮಿಸಬೇಕು. ನಾವು ಉದ್ಯಮ ಕಟ್ಟಿದವರಲ್ಲ. ಇತರರ ಉದ್ಯಮದಲ್ಲಿ ಲೆಕ್ಕ ಬರೆದವರು. ನಮಗೆ ಚೆನ್ನಾಗಿ ಗೊತ್ತಿರುವುದು ಆ ಊರುಗಳ ಸಂಜೆ, ಅಲ್ಲಿಯ ರಾತ್ರಿಯೂಟ, ಗೋಡೆಯಾಚೆಯ ಮನೆ. ಅಷ್ಟನ್ನೇ ಹೇಳುತ್ತೇವೆ.

ಮೊದಲಿಗೆ ‘ಪರನಾಡು’ ಎಂಬ ಮಾತಿನ ಬಗ್ಗೆ ಒಂದು ತಕರಾರಿದೆ. ನೂರು ವರ್ಷಗಳ ಹಿಂದೆ ಈ ಶಾಲೆಯ ಮೊದಲ ಗಂಟೆ ಬಾರಿಸಿದಾಗ ನಮ್ಮ ಕೊಳ್ಳೇಗಾಲ ತಾಲೂಕು ಮೈಸೂರು ಸಂಸ್ಥಾನದಲ್ಲಿರಲಿಲ್ಲ. ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಇಂಗ್ಲಿಷರು ಎಳೆದ ಗೆರೆ ಅದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಾವು ಮೈಸೂರು ಜಿಲ್ಲೆಗೆ ಬಂದೆವು. 1997ರಲ್ಲಿ ಚಾಮರಾಜನಗರ ಜಿಲ್ಲೆಯವರಾದೆವು. ಬೆಟ್ಟದಾಚೆಯ ತಾಳವಾಡಿ ಫಿರ್ಕಾ ಅಲ್ಲಿಯೇ ಉಳಿಯಿತು. ಡಾ. ರಾಜಕುಮಾರ್ ಹುಟ್ಟಿದ ಗಾಜನೂರು ಅಲ್ಲಿಯದೇ. ನಮ್ಮ ತಾತಂದಿರಿಗೆ ಜಿಲ್ಲಾ ಕೇಂದ್ರವಾಗಿದ್ದ ಊರಿಗೆ ಮೊಮ್ಮಕ್ಕಳು ಹೊರಗಿನವರಾಗಿ ಹೋದೆವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಬೇಕು.

ನಾವು ಹೊರಟದ್ದು 1992ರ ಜೂನ್ ತಿಂಗಳಲ್ಲಿ. ಚಾಮರಾಜನಗರದಿಂದ ಹಾಸನೂರು, ಅಲ್ಲಿಂದ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳು, ಬಣ್ಣಾರಿ, ಸತ್ಯಮಂಗಲ. ಬಣ್ಣಾರಿ ಅಮ್ಮನ ಗುಡಿಯ ಮುಂದೆ ಬಸ್ಸು ನಿಂತಾಗ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ತಿರುಪ್ಪೂರಿನಲ್ಲಿ ಬೀದಿಯಲ್ಲಿ ಕನ್ನಡ ಆಡಬಾರದು. ಮನೆಯೊಳಗೂ ಮೆಲುದನಿಯಲ್ಲಿ ಆಡಬೇಕು. ಕಾರಣವನ್ನು ಇಲ್ಲಿರುವ ಹಿರಿಯರು ಊಹಿಸಬಲ್ಲರು. ಆರು ತಿಂಗಳ ಹಿಂದೆ, 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿಯೂ ಮೈಸೂರು ಸೀಮೆಯ ಕೆಲವೆಡೆಗಳಲ್ಲಿಯೂ ತಮಿಳರ ಮನೆ, ಅಂಗಡಿ, ಗುಡಿಸಲುಗಳಿಗೆ ಬೆಂಕಿ ಬಿದ್ದಿದ್ದಿತು. ಸಹಸ್ರಾರು ಜನ ಮಕ್ಕಳುಮರಿಗಳೊಂದಿಗೆ ಗಡಿ ದಾಟಿ ಓಡಿದ್ದರು. ನಾವು ಯಾರಿಗೂ ಏನನ್ನೂ ಮಾಡಿರಲಿಲ್ಲ. ಆದರೂ ನಮ್ಮ ಮಾತೇ ನಮ್ಮನ್ನು ಹಿಡಿದುಕೊಟ್ಟೀತೆಂಬ ಅಂಜಿಕೆ ಇದ್ದಿತು.

ತಿರುಪ್ಪೂರು ಆಗ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇದ್ದಿತು. ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಊರಿಗೆ ಊರೇ ಬನಿಯನ್ ಕಂಪನಿ. ಬಟ್ಟೆ ಹೆಣೆಯುವವರೊಬ್ಬರು, ಬಣ್ಣ ಹಾಕುವವರೊಬ್ಬರು, ಕತ್ತರಿಸುವವರೊಬ್ಬರು, ‘ಪವರ್ ಟೇಬಲ್’ ಎಂದು ಕರೆಯುವ ಹೊಲಿಗೆ ವಿಭಾಗದವರು ಮತ್ತೊಬ್ಬರು. ಕೆಲಸದ ಲೆಕ್ಕ ದಿನದಲ್ಲಿ ಅಲ್ಲ, ಶಿಫ್ಟಿನಲ್ಲಿ. ಬೆಳಿಗ್ಗೆ ಎಂಟೂವರೆಗೆ ಹೋದವರು ರಾತ್ರಿ ಎಂಟೂವರೆಗೆ ಬಿಟ್ಟರೆ ಅದು ಒಂದೂವರೆ ಶಿಫ್ಟು. ಶನಿವಾರ ಕೂಲಿ. ಹೀಗಾಗಿ ಆ ಊರಿನಲ್ಲಿ ಸಂಜೆಯೂಟವೆಂದರೆ ರಾತ್ರಿ ಒಂಬತ್ತರ ಮೇಲೆ. ಎಂಟು ಗಂಟೆಯವರೆಗೆ ಓಣಿಗಳಲ್ಲಿ ಮುದುಕರೂ ಮಕ್ಕಳೂ ಮಾತ್ರ. ಒಂಬತ್ತಕ್ಕೆ ಪ್ರತಿ ಮನೆಯಲ್ಲೂ ಒಗ್ಗರಣೆ ಸಿಡಿಯುವ ಸದ್ದು.

ನಮಗೆ ಸಿಕ್ಕಿದ್ದು ಒಂದು ‘ಲೈನ್ ವೀಡು’. ನಮ್ಮ ವಠಾರವೇ ಅದು. ನಾಲ್ಕು ಮನೆಗಳಿಗೆ ಎದುರಾಗಿ ನಾಲ್ಕು ಮನೆಗಳು, ನಡುವೆ ಅಂಗಳ, ಎಲ್ಲರಿಗೂ ಒಂದೇ ನಲ್ಲಿ. ಮೊದಲ ದಿನ ಸಾಮಾನು ಇಳಿಸುವಷ್ಟರಲ್ಲಿ ಕತ್ತಲಾಯಿತು. ಸ್ಟೌವಿಗೆ ಸೀಮೆಎಣ್ಣೆ ಇಲ್ಲ. ರೇಷನ್ ಕಾರ್ಡು ಇನ್ನೂ ಊರಿನದು. ನಾಲ್ಕು ವರ್ಷದ ಮಗನಿಗೆ ನಮ್ಮ ಒಪ್ಪಂದ ಹೇಗೆ ತಿಳಿಯಬೇಕು? ಅವನು ಹೊಸ್ತಿಲಲ್ಲಿ ನಿಂತು, ಅಂಗಳಕ್ಕೆಲ್ಲ ಕೇಳುವಂತೆ, “ಅಮ್ಮಾ, ಅನ್ನ ಸಾರೂ...” ಎಂದು ಅಳತೊಡಗಿದ. ಒಳಗೆ ಎಳೆದುಕೊಂಡು ಬಾಯಿ ಮುಚ್ಚಿದೆವು.

ಆಗ ಎದುರು ಸಾಲಿನಿಂದ ಒಂದು ಹೆಣ್ಣುದನಿ, ಅಚ್ಚ ಬೆಂಗಳೂರು ಕನ್ನಡದಲ್ಲಿ, “ಮಗು ಯಾಕಮ್ಮಾ ಅಳ್ತಿದೆ? ಇನ್ನೂ ಊಟ ಆಗಿಲ್ವಾ?” ಎಂದು ಕೇಳಿತು.

ಸ್ವಲ್ಪ ಹೊತ್ತಿಗೆ ಆಕೆ ಒಂದು ಬೋಸಿ ಹಿಡಿದು ಬಂದರು. ಅಲ್ಲಿಯ ಮಾತಿನಲ್ಲಿ ಅದು ‘ಪೋಸಿ’. ಹಿಡಿಕೆ ಇದ್ದರೆ ‘ತೂಕ್ಕುಪ್ಪೋಸಿ’. ಒಳಗೆ ಬಿಸಿಬಿಸಿಯಾದ ಹಳದಿ ಅನ್ನ, ಮೇಲೆ ಒಂದು ಚಮಚ ತುಪ್ಪ, ಬದಿಯಲ್ಲಿ ಎರಡು ಹಪ್ಪಳ. ನಾವು ಬಿಸಿಬೇಳೆ ಅನ್ನವೆಂದುಕೊಂಡೆವು. ಅದಲ್ಲ. ಅದನ್ನು ಕೊಂಗು ಸೀಮೆಯವರು ‘ಅರಿಸಿ ಪರುಪ್ಪು ಸಾದಂ’ ಎನ್ನುತ್ತಾರೆ. ಅಕ್ಕಿ ಬೇಳೆಯ ಅನ್ನ, ಅಷ್ಟೇ. ಎಣ್ಣೆಗೆ ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಧಾರಾಳವಾಗಿ ಸಣ್ಣ ಈರುಳ್ಳಿ, ಒಂದೆರಡು ಟೊಮೇಟೊ ಹಾಕಿ, ತೊಳೆದ ಅಕ್ಕಿಯನ್ನೂ ತೊಗರಿಬೇಳೆಯನ್ನೂ ಅರಿಸಿನದೊಂದಿಗೆ ಒಟ್ಟಿಗೇ ಬೇಯಿಸುವುದು. ಸಾರಿನ ಪುಡಿ ಇಲ್ಲ, ಹುಣಿಸೆಹಣ್ಣು ಇಲ್ಲ. ಹನ್ನೆರಡು ಗಂಟೆ ಯಂತ್ರದ ಮುಂದೆ ಕುಳಿತು ಬಂದ ಹೆಂಗಸು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಹುದಾದ ಅಡಿಗೆ. ಕೊಯಮತ್ತೂರಿನ ದೊಡ್ಡ ಬಂಗಲೆಗಳಲ್ಲಿಯೂ ರಾತ್ರಿ ಇದೇ ಬೇಯುತ್ತದೆಂದು ಆಮೇಲೆ ತಿಳಿಯಿತು. ಹೊರಗಿನವರ ಮಾತು ಬಂದಾಗಲೆಲ್ಲ ನಮಗೆ ಒಂದು ಸಂಗತಿ ನೆನಪಾಗುತ್ತದೆ. ಆ ಬೋಸಿಯಲ್ಲಿದ್ದ ಮೆಣಸಿನಕಾಯಿಯನ್ನೂ ಟೊಮೇಟೊವನ್ನೂ ಮೊದಲು ಬೆಳೆಸಿ ಪಳಗಿಸಿದವರು ಮೆಕ್ಸಿಕೊದ ಜನ. ಪೋರ್ಚುಗೀಸರ ಹಡಗುಗಳು ಬರುವವರೆಗೆ ಕಾವೇರಿಯ ಯಾವ ದಡದವರೂ ಅವನ್ನು ಕಂಡಿರಲಿಲ್ಲ. ಈಗ ಅವಿಲ್ಲದೆ ಎರಡು ದಡದವರಿಗೂ ಊಟವಿಲ್ಲ.

ಮರುದಿನ ಬೋಸಿಯನ್ನು ಥಳಥಳಿಸುವಂತೆ ಬೆಳಗಿ ಹಿಂದಿರುಗಿಸಿದೆವು. ಆಕೆ ಏನೂ ಅನ್ನಲಿಲ್ಲ. ನೋಡುತ್ತಿದ್ದ ಮನೆಯೊಡತಿ ನಮ್ಮನ್ನು ಕರೆದು, “ಏನುಂಗ ಅಮ್ಮಿಣಿ, ಬರಿಯ ಪೋಸಿ ಕೊಡಬಾರದು” ಎಂದು ತಮಿಳಿನಲ್ಲಿ ಮೆಲ್ಲನೆ ತಿದ್ದಿದರು. ಕೊಂಗು ತಮಿಳಿನ ‘ಏನುಂಗ’ ಎಂಬುದು ಮರ್ಯಾದೆಯಿಂದ ಕರೆಯುವ ಮಾತು. ನಮ್ಮ ಕಿವಿಗೆ ‘ಏನು?’ ಎಂದು ಕೇಳಿ ನಾವು ಎಷ್ಟೋ ದಿನ ಇಲ್ಲದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದೆವು. ನಾಚಿಕೆಯಾದದ್ದು ಏಕೆಂದರೆ ಬರಿಯ ಪಾತ್ರೆ ಹಿಂದಿರುಗಿಸಬಾರದೆಂಬುದು ನಮ್ಮ ಅಜ್ಜಿಯರೂ ಹೇಳಿಕೊಟ್ಟದ್ದೇ. ಅಂಜಿಕೆಯಲ್ಲಿ ನಡವಳಿಕೆಯೂ ಮರೆತುಹೋಗಿದ್ದಿತು. ಅಂದು ರಾತ್ರಿ ಹುರುಳಿಯ ಬಸ್ಸಾರು ಮಾಡಿ ಕಳುಹಿಸಿದೆವು. ಅಲ್ಲಿಂದ ಆರು ವರ್ಷ ಆ ಅಂಗಳದಲ್ಲಿ ಪಾತ್ರೆಗಳು ಓಡಾಡಿದವು. ಯಾವುದು ಯಾರ ಮನೆಯದೆಂಬುದು ತಳದಲ್ಲಿ ಕೆತ್ತಿದ ಹೆಸರನ್ನು ನೋಡಿಯೇ ತಿಳಿಯಬೇಕು.

ಹುರುಳಿಗೆ ಅವರು ‘ಕೊಳ್ಳು’ ಎನ್ನುತ್ತಾರೆ. ನಮ್ಮಷ್ಟೇ ಪ್ರೀತಿಯಿಂದ ಉಣ್ಣುತ್ತಾರೆ. ಹೋಳಿಗೆಗೆ ‘ಒಪ್ಪಿಟ್ಟು’ ಎನ್ನುತ್ತಾರೆ. ಅದು ನಮ್ಮ ಒಬ್ಬಟ್ಟೇ. ಸಂಜೆಗೆ ‘ಪೊಳುದೋಡ’ ಎನ್ನುತ್ತಾರೆ. ಹಳಗನ್ನಡ ಓದಿದವರಿಗೆ ಅದರಲ್ಲಿ ನಮ್ಮ ‘ಹೊತ್ತು’ ಕಾಣಿಸುತ್ತದೆ. ಅಕ್ಕಿಹಿಟ್ಟನ್ನು ಬೇಯಿಸಿ ಒರಳಿನಲ್ಲಿ ಒತ್ತುವ ‘ಸಂದಗೈ’ ನಮ್ಮ ಒತ್ತುಶಾವಿಗೆ. ಒಬ್ಬರಿಂದ ಒತ್ತಲಾಗದು, ಆದುದರಿಂದ ಭಾನುವಾರ ಸಂಜೆ ನಾಲ್ಕು ಮನೆಯವರು ಸೇರಿದರೇ ಸಂದಗೈ. ಒಂದೇ ಒಂದು ವಿಷಯದಲ್ಲಿ ನಾವು ಸೋತೆವು. ನಾವು ಇಲ್ಲಿ ‘ಹಿಟ್ಟು’ ಎನ್ನುವ ರಾಗಿಮುದ್ದೆ ಅವರ ಭಾಷೆಯಲ್ಲಿ ‘ಕಳಿ’. ತಮಿಳಿನಲ್ಲಿ ‘ಕಳಿ ತಿನ್ನಲು ಹೋಗುವುದು’ ಎಂದರೆ ಸೆರೆಮನೆಗೆ ಹೋಗುವುದು. ನಮ್ಮ ಮಗ ಶಾಲೆಯಲ್ಲಿ, ನಮ್ಮ ಮನೆಯಲ್ಲಿ ದಿನವೂ ರಾತ್ರಿ ಕಳಿ, ಎಂದು ಹೇಳಿಬಂದ. ಅವನ ತಂದೆ ಯಾವಾಗ ಬಿಡುಗಡೆಯಾದರು ಎಂದು ಓಣಿಯ ಹುಡುಗರು ಬಹಳ ದಿನ ಕೇಳುತ್ತಿದ್ದರು.

ಎದುರು ಮನೆಯ ಆ ಅಕ್ಕ ಯಾರು, ಕನ್ನಡವನ್ನು ಎಲ್ಲಿ ಕಲಿತರು ಎಂಬುದನ್ನು ನಾವು ಕೇಳಿರಲಿಲ್ಲ. ಕೇಳಿದರೆ ನಮ್ಮ ಕಡೆಗೂ ಪ್ರಶ್ನೆ ಬರಬಹುದೆಂಬ ಹಿಂಜರಿಕೆ. ನಾಲ್ಕು ತಿಂಗಳ ಮೇಲೆ, ದೀಪಾವಳಿಯ ಬೋನಸ್ಸಿನ ಹೊತ್ತಿನಲ್ಲಿ, ಕರೆಂಟು ಹೋಗಿ ಎಲ್ಲರೂ ಅಂಗಳದಲ್ಲಿ ಕುಳಿತಿದ್ದಾಗ ಮನೆಯೊಡತಿಯೇ ಹೇಳಿದರು. ಆ ಕುಟುಂಬ ಹದಿನೈದು ವರ್ಷ ಬೆಂಗಳೂರಿನಲ್ಲಿದ್ದವರು. ಗಂಡ ಗಾರೆ ಕೆಲಸದವರು. ಡಿಸೆಂಬರಿನ ಆ ವಾರ ಅವರ ಗುಡಿಸಲಿನ ಸಾಲನ್ನು ಸುಟ್ಟರು. ಉಟ್ಟ ಬಟ್ಟೆಯಲ್ಲಿ ಬಂದವರು.

ನಾವು ತಲೆ ಎತ್ತಲಾರದೆ ಕುಳಿತೆವು. ಮರುದಿನ ರಾತ್ರಿ ಅಕ್ಕ ಎಂದಿನಂತೆ ಗೋಡೆಯ ಆಚೆಯಿಂದ “ಊಟ ಆಯ್ತಾ?” ಎಂದರು. ನಮ್ಮ ಮೇಲೆ ನಿಮಗೆ ಸಿಟ್ಟು ಬರಲಿಲ್ಲವೇ ಎಂದು ಆಗ ಕೇಳಿಬಿಟ್ಟೆವು. ಆಕೆ ಅರ್ಥವಾಗದವರಂತೆ ನೋಡಿ, “ಮಗು ಅಳ್ತಿತ್ತಲ್ಲಮ್ಮಾ” ಎಂದರು. ಸ್ವಲ್ಪ ತಡೆದು, “ನಮ್ಮ ಮಕ್ಕಳನ್ನ ಎರಡು ರಾತ್ರಿ ಒಳಗೆ ಬಚ್ಚಿಟ್ಟು ಊಟ ಹಾಕ್ದೋರೂ ಕನ್ನಡದೋರೇ. ಸುಟ್ಟೋರ ಮುಖ ನಾನು ನೋಡ್ಲಿಲ್ಲ, ಊಟ ಹಾಕ್ದೋರ ಮುಖ ನೋಡಿದೀನಿ” ಎಂದರು. ಅಂದಿನಿಂದ ಮೆಲುದನಿಯ ಒಪ್ಪಂದ ಮುಗಿಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ನಾವು ಹಗುರ ಮನಸ್ಸಿನಿಂದ ಈ ವೇದಿಕೆ ಏರುತ್ತಿದ್ದೆವು. ನಿಲ್ಲಲಿಲ್ಲ. ಆ ಅಕ್ಕನ ಕಿರಿಯ ಮಗಳು ಬೆಂಗಳೂರಿನಲ್ಲಿ ಕನ್ನಡ ಶಾಲೆಯ ಮೂರನೆಯ ತರಗತಿಯಲ್ಲಿದ್ದವಳು. ತಮಿಳು ಅಕ್ಷರ ಬಾರದೆಂದು ತಿರುಪ್ಪೂರಿನಲ್ಲಿ ಅವಳನ್ನು ಒಂದನೆಯ ತರಗತಿಗೆ ಕೂರಿಸಿದರು. ಒಂಬತ್ತು ವರ್ಷದವಳು ಆರು ವರ್ಷದ ಮಕ್ಕಳ ನಡುವೆ. ಸಂಜೆ ನಾವು ನಮ್ಮ ಮಗನಿಗೆ ಈ ಶಾಲೆಯಿಂದ ತರಿಸಿಕೊಂಡ ಪಠ್ಯಪುಸ್ತಕಗಳಲ್ಲಿ ಕನ್ನಡ ಹೇಳಿಕೊಡುವಾಗ ಅವಳು ಬಂದು ಬಾಗಿಲ ಬಳಿ ಕುಳಿತುಕೊಳ್ಳುತ್ತಿದ್ದಳು. ಮಗನಿಗಿಂತ ಅವಳೇ ಸ್ಫುಟವಾಗಿ ಓದುತ್ತಿದ್ದಳು. ಎರಡು ಲಿಪಿಗಳ ನಡುವೆ ಸಿಕ್ಕಿದ ಅವಳಿಗೆ ತಮಿಳು ಶಾಲೆ ಕೊನೆಗೂ ಹತ್ತಲಿಲ್ಲ. 1996ರಲ್ಲಿ ತಂದೆ ಸಾರುವೆಯಿಂದ ಬಿದ್ದು ಮಲಗಿದಾಗ ಅವಳು ಬನಿಯನ್ ಕಂಪನಿಗೆ ‘ಕೈಮಡಿ’ಯಾಗಿ, ಎಂದರೆ ಹೊಲಿಗೆಯವರ ಮುಂದೆ ಬಟ್ಟೆ ಮಡಿಸಿ ಜೋಡಿಸಿಕೊಡುವ ಸಹಾಯಕಿಯಾಗಿ, ಸೇರಿದಳು. ಹದಿಮೂರು ಆಗಷ್ಟೇ ತುಂಬಿದ್ದಿತು. ಹದಿನಾಲ್ಕಾಗದವರನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂಬ ಕಾನೂನು ನಮಗೆ ಗೊತ್ತಿದ್ದಿತು. ಅವಳು ಸೇರಿದ್ದು ನಮ್ಮಲ್ಲೊಬ್ಬರು ಲೆಕ್ಕ ಬರೆಯುತ್ತಿದ್ದ ಕಂಪನಿಗೇ. ಶನಿವಾರದ ಕೂಲಿಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಹದಿನೈದು ವರ್ಷವೆಂದು ಬರೆದದ್ದು ನಮ್ಮ ಕೈ. ಈ ಶಾಲೆಯಲ್ಲಿ ಕಾಪಿ ಬರೆದು ಅಕ್ಷರ ದುಂಡಾದ ಅದೇ ಕೈ.

ಮಾಲೀಕರನ್ನು ಕೇಳಬಹುದಿತ್ತು, ಕೇಳಲಿಲ್ಲ. ಶಾಲೆಯ ಖರ್ಚನ್ನು ನಾವು ಹೊರಬಹುದಿತ್ತೇ ಎಂದು ಅಕ್ಕನನ್ನು ಕೇಳಬಹುದಿತ್ತು, ಕೇಳಲಿಲ್ಲ. ಮನೆಗೆ ಕೂಲಿ ಬೇಕಿತ್ತು, ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ನಮ್ಮ ಕೆಲಸವೂ ಉಳಿಯಬೇಕಿತ್ತು. ಇವು ಮೂರೂ ನಿಜ. ಅವಳು ಈಗ ಓವರ್‌ಲಾಕ್ ಯಂತ್ರದ ಹೊಲಿಗೆಯವಳು. ಮಗಳನ್ನು ಪಾಲಿಟೆಕ್ನಿಕ್ಕಿಗೆ ಕಳುಹಿಸಿದ್ದಾಳೆ. ಕಂಡಾಗ ಕನ್ನಡದಲ್ಲಿಯೇ ಮಾತನಾಡುತ್ತಾಳೆ, ಊಟ ಮಾಡದೆ ಬಿಡುವುದಿಲ್ಲ. ಕೂಲಿಪಟ್ಟಿಯ ಮಾತನ್ನು ಅವಳೂ ಎತ್ತಿಲ್ಲ, ನಾವೂ ಎತ್ತಿಲ್ಲ. ಇಂದು ಮೊದಲ ಬಾರಿಗೆ ಎತ್ತುತ್ತಿದ್ದೇವೆ.

ಆ ವರ್ಷಗಳಲ್ಲಿ ಊರಿನ ನಡುವೆ ಹರಿಯುವ ನೊಯ್ಯಲ್ ನದಿ ದಿನಕ್ಕೊಂದು ಬಣ್ಣದ್ದಾಗಿರುತ್ತಿತ್ತು. ಬಣ್ಣದ ಕಾರ್ಖಾನೆಗಳ ನೀರು ಬಾವಿಗಳಿಗೂ ಇಳಿದು, ಕುಡಿಯುವ ನೀರಿಗೆ ಲಾರಿಯ ದಾರಿ ಕಾಯಬೇಕಾಗಿತ್ತು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಕಾರ್ಖಾನೆಗಳನ್ನು ಮುಚ್ಚಿಸುವ ಹೊತ್ತಿಗೆ ನಾವು ಊರು ಬಿಟ್ಟು ಬಹಳ ಕಾಲವಾಗಿದ್ದಿತು. ನೊಯ್ಯಲ್ ಕೂಡ ಕಾವೇರಿಯನ್ನೇ ಸೇರುತ್ತದೆ. ನೀರಿಗಾಗಿ ಜಗಳ ಮಾಡುವಾಗ ನಾವ್ಯಾರೂ ಆ ನೀರನ್ನು ನೆನೆದವರಲ್ಲ.

1998ರ ಜೂನ್ ತಿಂಗಳಲ್ಲಿ ಕೊಯಮತ್ತೂರಿಗೆ ಹೋದೆವು. ಅದೇ ಫೆಬ್ರವರಿ 14ರಂದು ಆ ನಗರದಲ್ಲಿ ಸಾಲಾಗಿ ಬಾಂಬುಗಳು ಸಿಡಿದು ಐವತ್ತೆಂಟು ಜನ ಸತ್ತಿದ್ದರು. ಸಂಜೆಯಾದರೆ ಬಾಗಿಲು ಹಾಕುವ ಊರಾಗಿದ್ದಿತು ಅದು. ಹೊರಗಿನವರಿಗೆ ಮನೆ ಕೊಡಲು ಹತ್ತು ಪ್ರಶ್ನೆ ಕೇಳುತ್ತಿದ್ದರು. ಹನ್ನೊಂದು ಮನೆ ಅಲೆದ ಮೇಲೆ ರಾಜವೀದಿಗೆ ಸಮೀಪದ ಒಂದು ಓಣಿಯಲ್ಲಿ, ಗುಂಡಿಮಗ್ಗವಿದ್ದ ಮನೆಯ ಮೇಲಂತಸ್ತು ಸಿಕ್ಕಿತು. ಕಾರಣ ಸರಳ. ಬಾಗಿಲಲ್ಲಿ ನಿಂತು ನಮ್ಮನಮ್ಮಲ್ಲೇ ಕನ್ನಡದಲ್ಲಿ, ಬಾಡಿಗೆ ಹೆಚ್ಚಾಯಿತು, ಹೋಗೋಣ ಎಂದುಕೊಳ್ಳುತ್ತಿದ್ದಾಗ ಒಳಗಿನಿಂದ ಮುದುಕಿಯೊಬ್ಬರು ಕನ್ನಡದಲ್ಲಿಯೇ, ಹೆಚ್ಚಾದರೆ ಕಡಿಮೆ ಮಾಡಿಕೊಳ್ಳೋಣ, ಒಳಗೆ ಬನ್ನಿ, ಎಂದರು.

ಅವರು ದೇವಾಂಗರು. ಕೊಯಮತ್ತೂರು, ತಿರುಪ್ಪೂರು ಸೀಮೆಗಳಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರು ತಲೆತಲಾಂತರದಿಂದ ಇದ್ದಾರೆ. ವಿಜಯನಗರದ ಕಾಲದಲ್ಲಿ ಬಂದೆವೆಂದು ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಾರೆ. ರಾಜವೀದಿಯಲ್ಲಿ ಅವರ ಚೌಡೇಶ್ವರಿ ಅಮ್ಮನ ಗುಡಿ ಇದೆ. ವಿಜಯದಶಮಿಯಂದು ತರುಣರು ಕತ್ತಿಯಿಂದ ತೋಳು ಎದೆಗಳಿಗೆ ಹೊಡೆದುಕೊಂಡು ದೇವಿಯನ್ನು ಬರಮಾಡಿಕೊಳ್ಳುತ್ತಾರೆ. ಗಾಯಕ್ಕೆ ಅರಿಸಿನ ಚೆಲ್ಲುತ್ತಾರೆ. ಮೊದಲ ವರ್ಷ ನಾವು ಕಣ್ಣು ಮುಚ್ಚಿಕೊಂಡೆವು. ಇವರ ಮಾತಿನಲ್ಲಿ ತಮಿಳು ಪದಗಳು ಹೇರಳ. ಆದರೆ ಮಕ್ಕಳನ್ನು ಗದರುವುದು, ಊಟಕ್ಕೆ ಕರೆಯುವುದು, ದೇವರಿಗೆ ಹರಸಿಕೊಳ್ಳುವುದು ಕನ್ನಡದಲ್ಲಿ. ಅಕ್ಷರ ಮಾತ್ರ ಇಲ್ಲ. ಓದು ಬರಹವೆಲ್ಲ ತಮಿಳು. ಶಾಲೆಯಿಲ್ಲದೆ ಇಷ್ಟು ತಲೆಮಾರು ಒಂದು ಭಾಷೆ ಅಡಿಗೆಮನೆಯಲ್ಲಿ ಉಳಿದದ್ದನ್ನು ಕಂಡು ನಮಗೆ ಬೆರಗಾಯಿತು. ಕನ್ನಡ ಉಳಿಯಲು ಶಾಲೆಯೇ ಬೇಕು ಎಂಬ ನಮ್ಮ ನಂಬಿಕೆ ಸ್ವಲ್ಪ ಅಲುಗಿತೆಂದೂ ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕು.

ಆ ಮನೆಯಲ್ಲಿ ಸಂಜೆಯ ಗಡಿಯಾರವೆಂದರೆ ಮಗ್ಗ. ಕೋರಾ ಸೀರೆ ನೇಯುತ್ತಿದ್ದ ಮಗ ಮಗ್ಗದ ಗುಂಡಿಯಿಂದ ಎದ್ದು ಸದ್ದು ನಿಂತಿತೆಂದರೆ ಏಳೂವರೆ. ಅಜ್ಜಿ ಕೆಳಗಿನಿಂದ ಕೂಗುತ್ತಿದ್ದರು. ರಾತ್ರಿಗೆ ದೋಸೆಯೋ ಅಕ್ಕಿಬೇಳೆಯ ಅನ್ನವೋ ಮಧ್ಯಾಹ್ನದ ಸಾರೋ, ಕೊನೆಗೆ ಮಜ್ಜಿಗೆ. ಉಳಿದ ಅನ್ನಕ್ಕೆ ನೀರು ಹಾಕಿದರೆ ಬೆಳಗಿನ ತಂಗಳು. ಕೊಯಮತ್ತೂರಿನವರಿಗೆ ತಮ್ಮ ಸಿರುವಾಣಿ ನೀರಿನ ಮೇಲೆ ಅಪಾರ ಅಭಿಮಾನ. ಅಡಿಗೆ ಚೆನ್ನಾಗಿದೆ ಎಂದರೆ ನೀರಿನ ಗುಣ ಎನ್ನುತ್ತಾರೆ. ಅಜ್ಜಿಯೂ ಹಾಗೆಯೇ ಅನ್ನುತ್ತಿದ್ದರು, ಆದರೆ ನಾವು ಎರಡನೆಯ ಬಾರಿ ಹೊಗಳಿದರೆ ಕೈಗುಣವನ್ನೂ ಒಪ್ಪಿಕೊಳ್ಳುತ್ತಿದ್ದರು.

ಐದು ವರ್ಷ ಹೀಗೆ ನಡೆಯಿತು. 2003ರ ಒಂದು ರಾತ್ರಿ ಊಟವಾದ ಮೇಲೆ ಅಜ್ಜಿ ಮಗನೂ ಸೊಸೆಯೂ ಮಲಗುವುದನ್ನು ಕಾದು ಮೇಲೆ ಬಂದರು. ಸೆರಗಿನಲ್ಲಿ ಒಂದು ಪೋಸ್ಟ್ ಕಾರ್ಡು. “ಇದು ಕನ್ನಡ ಅಲ್ಲವಾ? ನಿಮಗೆ ಓದಲು ಬರುತ್ತದೆಯಲ್ಲವಾ?” ಎಂದರು. ಅಂಚೆಯ ಮುದ್ರೆ 1957ರದು. ಬರೆದವರು ಕೊಳ್ಳೇಗಾಲಕ್ಕೆ ಮದುವೆಯಾಗಿ ಬಂದಿದ್ದ ಅವರ ಅಕ್ಕ. ಮೊದಲೆಲ್ಲ ಅಕ್ಕನ ಕಾಗದ ಬಂದರೆ ಬೀದಿಯ ಕೊನೆಯ ಉಡುಪಿ ಹೋಟೆಲಿನ ಗಲ್ಲಾದವರಲ್ಲಿ ಓದಿಸುತ್ತಿದ್ದರಂತೆ. ಅಷ್ಟರಲ್ಲಿ ಒಂದು ಮದುವೆ ಸಂಬಂಧ ಮುರಿದು ಎರಡು ಮನೆಗಳಿಗೂ ಮಾತು ನಿಂತಿತು. ಆಮೇಲೆ ಬಂದದ್ದು ಇದೊಂದೇ ಕಾರ್ಡು. ಓದಿಸಕೂಡದೆಂದು ಗಂಡ ಆಣ ಹಾಕಿದರು; ಎಸೆಯಲು ಇವರಿಗೆ ಮನಸ್ಸು ಬರಲಿಲ್ಲ. ಅಕ್ಕ ಮಾರನೆಯ ವರ್ಷವೇ ತೀರಿಕೊಂಡರು. ಅದರಲ್ಲಿ ಶಾಪ ಹಾಕಿದ್ದಾಳೆ ಎಂದೇ ನಲವತ್ತಾರು ವರ್ಷ ಅಜ್ಜಿ ನಂಬಿದ್ದರು. ಎರಡು ಮಕ್ಕಳು ಹೋದದ್ದನ್ನೂ ಅದಕ್ಕೇ ಹಚ್ಚಿಕೊಂಡಿದ್ದರು.

ದೀಪದ ಬಳಿ ಹಿಡಿದು ಓದಿದೆವು. ಶಾಯಿ ಮಾಸಿದ್ದರೂ ಅಕ್ಷರ ದುಂಡಗಿದ್ದವು. ಯಾವುದೋ ಶಾಲೆಯ ಹುಡುಗನ ಕೈಯಲ್ಲಿ ಹೇಳಿ ಬರೆಸಿದ್ದೆಂದು ಕಾಣುತ್ತಿತ್ತು. ಇಲ್ಲಿ ಮಳೆ ಚೆನ್ನಾಗಿ ಆಗಿದೆ. ನಮ್ಮದು ಈಗ ಮೈಸೂರು ಜಿಲ್ಲೆಯಂತೆ, ವಿಳಾಸದಲ್ಲಿ ಕೊಯಮತ್ತೂರು ಎಂದು ಬರೆಸಬೇಡ. ಗಂಡಸರು ಜಗಳವಾಡಿಕೊಳ್ಳಲಿ, ನೀನು ಹಬ್ಬಕ್ಕೆ ಬಾ. ರಾತ್ರಿ ಉಣ್ಣುವಾಗ ನಿನ್ನ ನೆನಪಾಗುತ್ತದೆ. ಬರುವಾಗ ನೀನು ಹೋದ ಸಲ ತಿಂಡಿ ಹಾಕಿಸಿಕೊಂಡು ಹೋದ ನನ್ನ ತಾಮ್ರದ ಬೋಸಿ ತರುವುದನ್ನು ಮರೆಯಬೇಡ, ಅತ್ತೆ ದಿನವೂ ಕೇಳುತ್ತಾರೆ. ಬರಿದಾಗಿ ತರಬೇಡ.

ಇಷ್ಟೇ ಇದ್ದದ್ದು. ಅಜ್ಜಿ ಮತ್ತೆ ಓದಿ ಎಂದರು. ಮೂರು ಬಾರಿ ಓದಿದೆವು. ‘ಬರಿದಾಗಿ ತರಬೇಡ’ ಎಂಬಲ್ಲಿ ಅವರಿಗೆ ನಗು ಬಂದಿತು. ನಗುತ್ತ ನಗುತ್ತ ಸೆರಗು ಮುಖಕ್ಕೆ ಒತ್ತಿಕೊಂಡರು. ಆಮೇಲೆ ಕೆಳಗಿಳಿದು ಹೋಗಿ ಆ ಬೋಸಿಯನ್ನೇ ತಂದರು. ದಿನವೂ ಅಕ್ಕಿ ಅಳೆಯುತ್ತಿದ್ದ ಪಾತ್ರೆ. ಅದರಲ್ಲಿ ನಮಗೂ ಎಷ್ಟೋ ಬಾರಿ ಕೊಟ್ಟು ಕಳುಹಿಸಿದ್ದರು. ತಳವನ್ನು ತಿರುಗಿಸಿ ನೋಡಿದರೆ ಚುಕ್ಕಿಚುಕ್ಕಿಯಾಗಿ ಕೆತ್ತಿದ ಮೂರು ಕನ್ನಡ ಅಕ್ಷರಗಳು. ಅವು ಬರಿಯ ಚಿತ್ತಾರವೆಂದು ಆ ಮನೆಯವರು ತಿಳಿದಿದ್ದರು.

ಅಜ್ಜಿ ತೀರಿಕೊಂಡು ಈಗ ಹಲವು ವರ್ಷಗಳಾದವು. ಹೋಗುವ ಮುನ್ನ ಬೋಸಿಯನ್ನು ನಮ್ಮ ಕೈಯಲ್ಲಿಟ್ಟು, ಊರಿಗೆ ಹೋದಾಗ ಅಕ್ಕನ ಮನೆಗೆ ಕೊಟ್ಟುಬಿಡಿ ಎಂದರು. ಪ್ರತಿ ಸಲ ಬಂದಾಗಲೂ ಕೊಳ್ಳೇಗಾಲದ ನೇಕಾರರ ಬೀದಿಗಳಲ್ಲಿ ವಿಚಾರಿಸಿದ್ದೇವೆ. ಕಾರ್ಡಿನಲ್ಲಿದ್ದ ವಿಳಾಸದ ಮನೆ ಈಗಿಲ್ಲ. ಮಕ್ಕಳು ಮಾರಿಕೊಂಡು ಹೋದರೆಂದು ಒಬ್ಬರು, ಮೊಮ್ಮಗಳೊಬ್ಬಳು ಇಲ್ಲಿಯೇ ಹತ್ತಿರದ ಹಳ್ಳಿಯಲ್ಲಿದ್ದಾಳೆಂದು ಇನ್ನೊಬ್ಬರು ಹೇಳುತ್ತಾರೆ. ಈ ಸೀಮೆಯ ನೇಕಾರರ ಮಕ್ಕಳು ಬಹಳ ಮಂದಿ ಈ ಶಾಲೆಯಲ್ಲಿ ಓದಿದವರು. ಆದುದರಿಂದ ಬೋಸಿಯನ್ನೂ ಕಾರ್ಡನ್ನೂ ಇಂದು ಜೊತೆಗೆ ತಂದಿದ್ದೇವೆ. ವೇದಿಕೆಯ ಎಡಬದಿಯ ಮೇಜಿನ ಮೇಲೆ, ಹಳೆಯ ಹಾಜರಿ ಪುಸ್ತಕಗಳ ಪಕ್ಕದಲ್ಲಿ ಇಟ್ಟಿದ್ದೇವೆ. ಅದರೊಳಗೆ ಒಂದು ಸೇರು ಅಕ್ಕಿ ಇದೆ. ಊಟವಾದ ಮೇಲೆ ದಯವಿಟ್ಟು ತಾವೆಲ್ಲರೂ ಒಮ್ಮೆ ತಳದ ಹೆಸರನ್ನು ಓದಿ ನೋಡಬೇಕು. ಗುರುತು ಸಿಕ್ಕಿದವರು ನಮಗೆ ತಿಳಿಸಬೇಕು. ನಾಳೆ ಬೆಳಗಿನ ಬಸ್ಸಿನವರೆಗೆ ನಾವು ಇಲ್ಲಿಯೇ ಇರುತ್ತೇವೆ.